ತೆನ್ನೇಟಿ ವಿಶ್ವನಾಥಂ

ತೆನ್ನೇಟಿ ವಿಶ್ವನಾಥಂ (1895–1979) ಆಂಧ್ರದ ಸ್ವಾತಂತ್ರ್ಯ ಹೋರಾಟಗಾರ, ಶಾಸಕ, ಸಚಿವ, ಸಂಸದ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗಾಗಿ ನಡೆದ ಚಳವಳಿಯ ಮುಂದಾಳು. ಹುಟ್ಟಿದ್ದು ವಿಶಾಖಪಟ್ಟಣ ಜಿಲ್ಲೆಯ ಲಕ್ಕವರಂ ಗ್ರಾಮದಲ್ಲಿ. ಕಾನೂನು ಓದಿ ವಕೀಲರಾದರು. ಗಾಂಧೀಜಿಯವರ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು.

ಕಾಂಗ್ರೆಸ್ ನಾಯಕ ಟಂಗುಟೂರಿ ಪ್ರಕಾಶಂ ಅವರ ಆಪ್ತರಾಗಿದ್ದ ವಿಶ್ವನಾಥಂ, ಪ್ರಕಾಶಂ ಕಾಂಗ್ರೆಸ್ ತೊರೆದಾಗ ಅವರ ಜೊತೆ ನಿಂತರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ವಿಶಾಖಪಟ್ಟಣದಿಂದ ಮದರಾಸು ವಿಧಾನಸಭೆಗೆ ಆಯ್ಕೆಯಾದರು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಉದಯಿಸಿತು. ಕರ್ನೂಲು ರಾಜಧಾನಿಯಾಗಿದ್ದ ಈ ರಾಜ್ಯದಲ್ಲಿ ಪ್ರಕಾಶಂ ಮೊದಲ ಮುಖ್ಯಮಂತ್ರಿಯಾದರು, ವಿಶ್ವನಾಥಂ ಹಣಕಾಸು ಮತ್ತು ಕಾನೂನು ಸಚಿವರಾದರು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯ ಆರಂಭವಾದದ್ದೂ, ವಿಜಯವಾಡದಲ್ಲಿ ಕೃಷ್ಣಾ ನದಿಯ ಹಳೆಯ ಕಟ್ಟೆ 1952ರಲ್ಲಿ ಒಡೆದ ಮೇಲೆ ಹೊಸ ಬ್ಯಾರೇಜಿನ ಕೆಲಸ ಶುರುವಾದದ್ದೂ ಈ ಸರ್ಕಾರದ ಅವಧಿಯಲ್ಲೇ. ಪಾನನಿರೋಧದ ಪ್ರಶ್ನೆಯ ಮೇಲೆ ಬಂದ ಅವಿಶ್ವಾಸ ನಿರ್ಣಯ 1954ರ ನವೆಂಬರಿನಲ್ಲಿ ಒಂದೇ ಮತದಿಂದ ಗೆದ್ದಾಗ ಸರ್ಕಾರ ಬಿತ್ತು.

ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆ ಬೇಕೆಂಬ ಕೂಗು 1966ರಲ್ಲಿ ಜನಾಂದೋಲನವಾಯಿತು. ‘ವಿಶಾಖ ಉಕ್ಕು ಆಂಧ್ರರ ಹಕ್ಕು’ ಎಂಬುದು ಅದರ ಘೋಷಣೆ. ಚಳವಳಿಗಾರ ಟಿ. ಅಮೃತರಾವ್ ಈ ಬೇಡಿಕೆಗಾಗಿ ಉಪವಾಸ ಕೂತರು. ನವೆಂಬರ್ 1ರಂದು ನಗರದಲ್ಲಿ ಗೋಲಿಬಾರ್ ನಡೆದು ಸಾವುಗಳಾದವು. ವಿರೋಧ ಪಕ್ಷಗಳ ಹಲವು ಶಾಸಕರು ರಾಜೀನಾಮೆಯಿತ್ತರು. ಹಲವು ಪಕ್ಷಗಳು ಕೂಡಿದ್ದ ಈ ಚಳವಳಿಯನ್ನು ಯಾವ ಪಕ್ಷದ ಹಂಗಿಲ್ಲದ ಹಿರಿಯರಾಗಿ ಮುನ್ನಡೆಸಿದವರು ವಿಶ್ವನಾಥಂ. 1967ರಲ್ಲಿ ವಿಶಾಖಪಟ್ಟಣದ ಮತದಾರರು ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳುಹಿಸಿದರು. 1970ರ ಏಪ್ರಿಲ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ವಿಶಾಖಪಟ್ಟಣ, ಸೇಲಂ ಮತ್ತು ಕರ್ನಾಟಕದ ಹೊಸಪೇಟೆ ಸೀಮೆಯ ವಿಜಯನಗರಕ್ಕೆ ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು. 1971ರ ಜನವರಿಯಲ್ಲಿ ವಿಶಾಖ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಅದು ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 1992ರಲ್ಲಿ, ವಿಶ್ವನಾಥಂ ತೀರಿಕೊಂಡ ಹದಿಮೂರು ವರ್ಷಗಳ ಅನಂತರ.

ಪ್ರಕಾಶಂ ಅವರ ಆತ್ಮಕಥೆ ‘ನಾ ಜೀವಿತ ಯಾತ್ರ’ದ ಕೊನೆಯ ಭಾಗವನ್ನು ಬರೆದು ಪೂರ್ಣಗೊಳಿಸಿದವರೂ ವಿಶ್ವನಾಥಂ ಅವರೇ. ವಿಶಾಖಪಟ್ಟಣದಿಂದ ಋಷಿಕೊಂಡಕ್ಕೆ ಹೋಗುವ ಕಡಲತೀರದ ರಸ್ತೆಯಲ್ಲಿರುವ ತೆನ್ನೇಟಿ ಪಾರ್ಕ್ ಅವರ ಹೆಸರನ್ನು ಹೊತ್ತಿದೆ. ಭಾರತೀಯ ಅಂಚೆ ಇಲಾಖೆ 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.