ಮಾದರಿ ರೈಲು ಇಂಜಿನ್‌ನ ಚಾಲನಾ ಗೇರುಗಳ ದುರಸ್ತಿ

ಮಾದರಿ ರೈಲು ಇಂಜಿನ್‌ನ ಚಾಲನಾ ಗೇರುಗಳ ದುರಸ್ತಿ ಎಂದರೆ ವಿದ್ಯುತ್ ಮೋಟಾರಿನಿಂದ ಓಡುವ ಚಿಕ್ಕ ಅಳತೆಯ ರೈಲು ಇಂಜಿನ್‌ಗಳಲ್ಲಿ, ಮೋಟಾರಿನ ಶಕ್ತಿಯನ್ನು ಚಕ್ರಗಳಿಗೆ ತಲುಪಿಸುವ ಹಲ್ಲುಚಕ್ರಗಳು ಸವೆದಾಗ, ಸೀಳಿದಾಗ ಅಥವಾ ಇರುಸಿನ ಮೇಲೆ ಸಡಿಲಗೊಂಡಾಗ ಅವನ್ನು ಪರೀಕ್ಷಿಸಿ ಸರಿಪಡಿಸುವ ಅಥವಾ ಬದಲಾಯಿಸುವ ಕೆಲಸ. ಮಾದರಿ ರೈಲು ಹವ್ಯಾಸದಲ್ಲಿ ಇದು ಪದೇ ಪದೇ ಎದುರಾಗುವ ದುರಸ್ತಿಗಳಲ್ಲೊಂದು. ಮೋಟಾರು, ಚಕ್ರ ಮತ್ತು ಹೊರಕವಚಗಳು ಸುಸ್ಥಿತಿಯಲ್ಲಿದ್ದರೂ ಒಂದೇ ಒಂದು ಪ್ಲಾಸ್ಟಿಕ್ ಗೇರು ಕೆಟ್ಟರೆ ಇಂಜಿನ್ ಕುಂಟುತ್ತದೆ ಅಥವಾ ನಿಂತುಬಿಡುತ್ತದೆ. ತಯಾರಿಕೆ ನಿಂತುಹೋದ ಹಳೆಯ ಇಂಜಿನ್‌ಗಳು ಉಳಿಯುವುದು ಬಹುಮಟ್ಟಿಗೆ ಈ ದುರಸ್ತಿಯನ್ನೇ ಅವಲಂಬಿಸಿದೆ.

ಚಾಲನಾ ವ್ಯವಸ್ಥೆಯ ರಚನೆ

ಮಾದರಿ ರೈಲುಗಳಲ್ಲಿ ಹೆಚ್ಚು ಪ್ರಚಲಿತವಾಗಿರುವ ಎಚ್‌ಒ ಅಳತೆಯ ಪ್ರಮಾಣ 1:87. ಇದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಅಳತೆಯಲ್ಲಿ ಹಳಿಗಳ ಅಂತರ 9 ಮಿ.ಮೀ. ಈ ಅಳತೆಗಳ ಡೀಸೆಲ್ ಮಾದರಿಗಳಲ್ಲಿ ಸಾಮಾನ್ಯವಾಗಿ ಇಂಜಿನ್‌ನ ನಡುವೆ ಒಂದು ಮೋಟಾರು ಇರುತ್ತದೆ. ಅದರ ಎರಡೂ ತುದಿಗಳಿಂದ ಹೊರಟ ದಂಡಗಳು ಕೀಲುಗಳ ಮೂಲಕ ಮುಂದಿನ ಮತ್ತು ಹಿಂದಿನ ಬೋಗಿಗಳನ್ನು ತಲುಪುತ್ತವೆ. ಇಲ್ಲಿ ಬೋಗಿ ಎಂದರೆ ಚಕ್ರಗಳನ್ನು ಹೊತ್ತು ತಿರುಗುವ ಚೌಕಟ್ಟು; ಆಡುಮಾತಿನಲ್ಲಿ ಪ್ರಯಾಣಿಕರ ಡಬ್ಬಿಗೆ ಹೇಳುವ ಬೋಗಿಯಲ್ಲ.

ಬೋಗಿಯ ಮೇಲ್ಭಾಗದಲ್ಲಿ ತಿರುಪಿನ ಆಕಾರದ ವರ್ಮ್ ಗೇರು ಇರುತ್ತದೆ. ಅದು ಕೆಳಗಿನ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅಲ್ಲಿಂದ ಚಲನೆಯು ಮಧ್ಯವರ್ತಿ ಗೇರುಗಳ ಮೂಲಕ ಇರುಸಿನ ಗೇರುಗಳಿಗೆ ಸಾಗುತ್ತದೆ. ಒಂದೇ ಎಳೆಯ ವರ್ಮ್ ಒಂದು ಸುತ್ತು ತಿರುಗಿದಾಗ ಕೆಳಗಿನ ಚಕ್ರ ಒಂದು ಹಲ್ಲಿನಷ್ಟು ಮಾತ್ರ ಮುಂದೆ ಸರಿಯುತ್ತದೆ. ಹೀಗಾಗಿ ಮೋಟಾರಿನ ವೇಗ ಕುಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಆದರೆ ಸಾಮಾನ್ಯವಾಗಿ ಚಕ್ರ ವರ್ಮನ್ನು ತಿರುಗಿಸಲಾರದು. ಇಂತಹ ಇಂಜಿನ್ನನ್ನು ಹಳಿಯ ಮೇಲೆ ಕೈಯಿಂದ ಒತ್ತಿ ತಳ್ಳಿದರೆ ಹಲ್ಲುಗಳಿಗೆ ಪೆಟ್ಟು ಬೀಳುವುದು ಈ ಕಾರಣದಿಂದಲೇ.

ಇರುಸಿನ ಗೇರುಗಳನ್ನು ಹೆಚ್ಚಾಗಿ ಅಸಿಟಾಲ್ ಅಥವಾ ನೈಲಾನ್ ಪ್ಲಾಸ್ಟಿಕ್‌ನಿಂದ ಮಾಡಲಾಗುತ್ತದೆ. ಡೆಲ್ರಿನ್ ಎಂಬುದು ಮೂಲತಃ ಡ್ಯುಪಾಂಟ್ ಕಂಪನಿಯದಾಗಿದ್ದ ಅಸಿಟಾಲ್‌ನ ವ್ಯಾಪಾರನಾಮ. ಅನೇಕ ಮಾದರಿಗಳಲ್ಲಿ ಇರುಸು ಒಂದೇ ಸರಳಾಗಿರದೆ, ಎರಡು ಅರ್ಧ ಇರುಸುಗಳು ಕೊಳವೆಯಾಕಾರದ ಪ್ಲಾಸ್ಟಿಕ್ ಗೇರಿನೊಳಗೆ ಎರಡು ಬದಿಯಿಂದ ಬಿಗಿಯಾಗಿ ಕೂತಿರುತ್ತವೆ. ಎರಡು ಹಳಿಗಳ ವಿದ್ಯುತ್ತು ಒಂದಕ್ಕೊಂದು ತಾಗದಂತೆ ತಡೆಯುವ ನಿರೋಧಕದ ಕೆಲಸವನ್ನೂ ಈ ಗೇರೇ ಮಾಡುತ್ತದೆ.

ಹಾಳಾಗುವ ಬಗೆಗಳು

ಇರುಸಿನ ಗೇರಿನ ಸೀಳು: ಲೋಹದ ಇರುಸು ಪ್ಲಾಸ್ಟಿಕ್ ಕೊಳವೆಯನ್ನು ಸದಾ ಒಳಗಿನಿಂದ ಹಿಗ್ಗಿಸುತ್ತಿರುತ್ತದೆ. ಓಡದೆ ಪೆಟ್ಟಿಗೆಯಲ್ಲಿದ್ದರೂ ಈ ಒತ್ತಡ ತಪ್ಪುವುದಿಲ್ಲ. ವರ್ಷಗಳ ನಂತರ ಗೇರು ಉದ್ದಕ್ಕೆ ಸೀಳುತ್ತದೆ. ಸೀಳು ಬಿದ್ದ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹೆಚ್ಚಾಗಿ, ಪ್ರತಿ ಸುತ್ತಿಗೂ ಒಮ್ಮೆ ಎದುರಿನ ಗೇರಿನ ಹಲ್ಲು ಅಲ್ಲಿ ಎಡವುತ್ತದೆ. ಇರುಸಿನ ಹಿಡಿತ ಸಡಿಲಗೊಂಡು ಚಕ್ರಗಳ ನಡುವಿನ ಅಂತರವೂ ಬದಲಾಗುವುದರಿಂದ ಇಂಜಿನ್ ಹಳಿ ತಪ್ಪುತ್ತದೆ. ಲೈಫ್-ಲೈಕ್ ಕಂಪನಿಯ ಪ್ರೊಟೊ 2000 ಶ್ರೇಣಿಯ ಹಳೆಯ ಎಚ್‌ಒ ಡೀಸೆಲ್ ಇಂಜಿನ್‌ಗಳು ಈ ದೋಷಕ್ಕೆ ಹವ್ಯಾಸಿಗಳ ನಡುವೆ ಹೆಸರಾಗಿವೆ.

ಹಲ್ಲುಗಳ ಸವೆತ: ಒಣಗಿದ ಗ್ರೀಸ್, ಧೂಳು ಮತ್ತು ನೆಲಹಾಸಿನ ನಾರುಗಳು ಸೇರಿ ಹಲ್ಲುಗಳನ್ನು ಉಜ್ಜುತ್ತವೆ. ಸವೆದ ಹಲ್ಲುಗಳ ತುದಿ ಚೂಪಾಗುತ್ತದೆ. ವರ್ಮ್ ಲೋಹದ್ದಾಗಿ ಕೆಳಗಿನ ಚಕ್ರ ಪ್ಲಾಸ್ಟಿಕ್ಕಿನದಾಗಿದ್ದರೆ ಮೊದಲು ಸವೆಯುವುದು ಚಕ್ರವೇ.

ಗೇರಿನ ಜಾರುವಿಕೆ: ಗೇರು ಇರುಸಿನ ಮೇಲೆ ಅಥವಾ ವರ್ಮ್ ತನ್ನ ದಂಡದ ಮೇಲೆ ಸಡಿಲವಾದರೆ ಮೋಟಾರು ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಚೌಕಟ್ಟಿನ ವಿರೂಪ: ಹಳೆಯ ಮಾದರಿಗಳ ಸತುವಿನ ಮಿಶ್ರಲೋಹದ ಎರಕದಲ್ಲಿ ಸೀಸದಂತಹ ಕಲ್ಮಶ ಸೇರಿದ್ದರೆ ಚೌಕಟ್ಟು ಕಾಲಕ್ರಮದಲ್ಲಿ ಉಬ್ಬಿ ಬಿರುಕು ಬಿಡುತ್ತದೆ. ಆಗ ದಂಡಗಳ ನೇರ ತಪ್ಪಿ ಹೊಸ ಗೇರು ಕೂಡ ಬೇಗ ಸವೆಯುತ್ತದೆ. ಈ ಸ್ಥಿತಿಯಲ್ಲಿ ಗೇರು ಮಾತ್ರ ಬದಲಿಸುವುದರಿಂದ ಪ್ರಯೋಜನವಿಲ್ಲ.

ದೋಷ ಪತ್ತೆ

ಟಕ್ ಟಕ್ ಶಬ್ದದ ಲಯವೇ ದೋಷದ ಸ್ಥಾನವನ್ನು ಸೂಚಿಸುತ್ತದೆ. ಇರುಸಿನ ಗೇರು ಚಕ್ರದೊಂದಿಗೇ ತಿರುಗುವುದರಿಂದ ಅದರ ಸೀಳು ಚಕ್ರದ ಒಂದು ಸುತ್ತಿಗೆ ಒಮ್ಮೆ ಶಬ್ದ ಮಾಡುತ್ತದೆ. ಅಮೆರಿಕದ ಡೀಸೆಲ್ ಇಂಜಿನ್‌ಗಳ 40 ಅಂಗುಲದ ಚಕ್ರ ಎಚ್‌ಒ ಅಳತೆಯಲ್ಲಿ ಸುಮಾರು 11.7 ಮಿ.ಮೀ. ವ್ಯಾಸದ್ದಾಗುತ್ತದೆ, ಅದರ ಸುತ್ತಳತೆ ಸುಮಾರು 37 ಮಿ.ಮೀ. ಇಂಜಿನ್ ಪ್ರತಿ 37 ಮಿ.ಮೀ. ಸಾಗುವಾಗ ಒಮ್ಮೆ ಶಬ್ದ ಬಂದರೆ ಇರುಸಿನ ಗೇರನ್ನೇ ಮೊದಲು ಶಂಕಿಸಬೇಕು. ಲಯ ಅದಕ್ಕಿಂತ ಬಹಳ ವೇಗವಾಗಿದ್ದರೆ ದೋಷ ವರ್ಮ್, ದಂಡದ ಕೀಲು ಅಥವಾ ಮೋಟಾರಿನ ಕಡೆ ಇರುವ ಸಾಧ್ಯತೆ ಹೆಚ್ಚು.

ಇಂಜಿನ್ನನ್ನು ಮೆತ್ತನೆಯ ಸ್ಪಂಜಿನ ತೊಟ್ಟಿಲಲ್ಲಿ ತಲೆಕೆಳಗಾಗಿ ಮಲಗಿಸಿ, ಎರಡೂ ಬದಿಯ ಚಕ್ರಗಳಿಗೆ ತಂತಿಯ ಮೂಲಕ ಕಡಿಮೆ ವಿದ್ಯುತ್ತು ಕೊಟ್ಟು ಪ್ರತಿಯೊಂದು ಚಕ್ರದ ತಿರುಗಾಟವನ್ನು ಗಮನಿಸಬಹುದು. ನಂತರ ಬೋಗಿಗಳನ್ನು ಮೋಟಾರಿನಿಂದ ಬೇರ್ಪಡಿಸಿ ಒಂದೊಂದನ್ನೇ ಕೈಯಿಂದ ತಿರುಗಿಸಿ ನೋಡಿದರೆ ದೋಷ ಯಾವ ಬೋಗಿಯಲ್ಲಿದೆ ಎಂಬುದು ಖಚಿತವಾಗುತ್ತದೆ. ಕೂದಲೆಳೆಯಷ್ಟು ತೆಳುವಾದ ಸೀಳು ಭೂತಗನ್ನಡಿಯಿಲ್ಲದೆ ಕಾಣುವುದಿಲ್ಲ. ಗೇರನ್ನು ಬೆರಳುಗಳ ನಡುವೆ ತುಸು ತಿರುಚಿದಾಗ ಅದು ಬಾಯಿ ತೆರೆಯುತ್ತದೆ.

ಬದಲಿ ಗೇರಿನ ಆಯ್ಕೆ

ಬದಲಿ ಗೇರಿನ ಹಲ್ಲುಗಳ ಸಂಖ್ಯೆ, ಹಲ್ಲಿನ ಗಾತ್ರ, ರಂಧ್ರದ ವ್ಯಾಸ ಮತ್ತು ಅಗಲ ಮೂಲ ಗೇರಿಗೆ ಹೊಂದಬೇಕು. ಹಲ್ಲಿನ ಗಾತ್ರವನ್ನು ಮಾಡ್ಯೂಲ್ ಎಂಬ ಅಳತೆಯಲ್ಲಿ ಹೇಳಲಾಗುತ್ತದೆ. ಸಾಮಾನ್ಯ ರೂಪದ ಗೇರಿನ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ ಮಾಡ್ಯೂಲ್ ದೊರೆಯುತ್ತದೆ. ಉದಾಹರಣೆಗೆ, 14 ಹಲ್ಲುಗಳ ಗೇರಿನ ಹೊರವ್ಯಾಸ 6.4 ಮಿ.ಮೀ. ಇದ್ದರೆ ಮಾಡ್ಯೂಲ್ 0.4 ಆಗುತ್ತದೆ. ಅಂಗುಲ ಪದ್ಧತಿಯ 64 ಪಿಚ್‌ನ ಗೇರು 0.397 ಮಾಡ್ಯೂಲಿಗೆ ಸಮ. ಇದು 0.4ಕ್ಕೆ ಬಹಳ ಸಮೀಪವಿದ್ದರೂ ಎರಡೂ ಒಂದೇ ಅಲ್ಲ. ಸೀಳಿದ ಗೇರಿನ ವ್ಯಾಸ ಹಿಗ್ಗಿರುವ ಕಾರಣ, ಅಳತೆಯನ್ನು ಅದೇ ಇಂಜಿನ್‌ನ ಸೀಳದ ಗೇರಿನಿಂದ ತೆಗೆದುಕೊಳ್ಳುವುದು ಕ್ಷೇಮ.

ಮೂಲ ತಯಾರಕರ ಬಿಡಿಭಾಗ ದೊರೆಯದಿದ್ದಾಗ ಬೇರೆ ತಯಾರಕರ ಗೇರು ಹೊಂದುವುದುಂಟು. ಅಥರ್ನ್ ಕಂಪನಿಯ ಇರುಸಿನ ಗೇರುಗಳನ್ನು ಪ್ರೊಟೊ 2000ರ ಹಲವು ಮಾದರಿಗಳಿಗೆ ಬಳಸಲಾಗುತ್ತದೆ. ಕೆಟ್ಟುನಿಂತ ಇನ್ನೊಂದು ಇಂಜಿನ್‌ನಿಂದ ಗೇರು ತೆಗೆಯುವುದೂ, ಹಿತ್ತಾಳೆಯಲ್ಲಿ ಗೇರು ಕಡೆಸುವುದೂ ರೂಢಿಯಲ್ಲಿವೆ. ಆದರೆ ಅರ್ಧ ಇರುಸುಗಳ ರಚನೆಯಲ್ಲಿ ಹಿತ್ತಾಳೆಯ ಗೇರನ್ನು ನೇರವಾಗಿ ಹಾಕಿದರೆ ವಿದ್ಯುತ್ ನಿರೋಧ ತಪ್ಪಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಹಾಕುವ 3ಡಿ ಮುದ್ರಣದಲ್ಲಿ ಇಷ್ಟು ಸಣ್ಣ ಹಲ್ಲುಗಳು ಸ್ಪಷ್ಟವಾಗಿ ಮೂಡುವುದು ಕಷ್ಟ. ರಾಳದ ಮುದ್ರಣದಲ್ಲಿ ಹಲ್ಲುಗಳು ಸ್ಪಷ್ಟವಾಗಿ ಮೂಡಿದರೂ ಸಾಮಾನ್ಯ ರಾಳ ಪೆಡಸಾಗಿರುತ್ತದೆ.

ದುರಸ್ತಿಯ ಕ್ರಮ

1. ಹಳಿಯಿಂದ ಇಂಜಿನ್ನನ್ನು ತೆಗೆದು, ಹೊರಕವಚವನ್ನು ಬಿಡಿಸುವ ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ತಿರುಪುಗಳನ್ನು ತೆಗೆದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಬೇಕು.

2. ಬೋಗಿಯ ತಳಮುಚ್ಚಳವನ್ನು ಅದರ ಕೊಂಡಿಗಳು ಮುರಿಯದಂತೆ ಬಿಡಿಸಿ, ಚಕ್ರಜೋಡಿಗಳನ್ನು ಮೇಲೆತ್ತಬೇಕು. ಬೇರಿಂಗುಗಳು ಯಾವ ಬದಿಯವೆಂಬುದನ್ನು ಗುರುತಿಸಿಡಬೇಕು.

3. ಹಳೆಯ ಗ್ರೀಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದುವಾದ ಬ್ರಷ್‌ನಿಂದ ತೊಳೆದು, ಹಲ್ಲುಗಳ ಬುಡದ ಕೊಳೆಯನ್ನು ಮರದ ಕಡ್ಡಿಯಿಂದ ತೆಗೆಯಬೇಕು. ಕೆಲವೊಮ್ಮೆ ಎಡವುವಿಕೆಗೆ ಕಾರಣ ಹಲ್ಲಿನ ನಡುವೆ ಸಿಕ್ಕ ಕಸ ಮಾತ್ರವಾಗಿರುತ್ತದೆ.

4. ಅರ್ಧ ಇರುಸುಗಳನ್ನು ತಿರುಚುತ್ತ ಹೊರಗೆಳೆದು, ಹೊಸ ಗೇರಿನೊಳಗೆ ನೇರವಾಗಿ ಒತ್ತಬೇಕು. ರಂಧ್ರ ಅತಿಯಾಗಿ ಬಿಗಿಯಿದ್ದರೆ ಬಲವಂತ ಮಾಡದೆ ರೀಮರ್‌ನಿಂದ ಬಹು ಸ್ವಲ್ಪ ಹಿಗ್ಗಿಸಬೇಕು. ಇಲ್ಲದಿದ್ದರೆ ಹೊಸ ಗೇರೂ ಹಳೆಯದರಂತೆ ಸೀಳುತ್ತದೆ. ಎರಡು ಇರುಸುಗಳ ತುದಿಗಳು ಒಳಗೆ ಒಂದಕ್ಕೊಂದು ತಾಗಬಾರದು.

5. ಚಕ್ರಗಳ ಒಳಮುಖಗಳ ನಡುವಿನ ಅಂತರವನ್ನು ಅಳೆಯಬೇಕು. ಎಚ್‌ಒ ಅಳತೆಯಲ್ಲಿ ಇದು ಸುಮಾರು 14.4ರಿಂದ 14.5 ಮಿ.ಮೀ. ಇರುತ್ತದೆ. ಅಮೆರಿಕದಲ್ಲಿ 1935ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಇದಕ್ಕಾಗಿ ಮಾನಕ ಅಳತೆಪಟ್ಟಿಯನ್ನು ಒದಗಿಸುತ್ತದೆ. ಗೇರು ಎರಡು ಚಕ್ರಗಳ ಸರಿ ಮಧ್ಯದಲ್ಲಿರಬೇಕು.

6. ಬೋಗಿಯನ್ನು ಮೋಟಾರಿಗೆ ಜೋಡಿಸುವ ಮೊದಲು, ವರ್ಮ್ ಇಲ್ಲದೆ ಚಕ್ರಗಳು ಬೆರಳಿನಿಂದ ಸರಾಗವಾಗಿ ತಿರುಗುತ್ತವೆಯೇ ಎಂದು ನೋಡಬೇಕು.

ನೇರಹಲ್ಲಿನ ಗೇರಿನ ಹಲ್ಲುಗಳು ಒಂದೇ ಮುಖದಲ್ಲಿ ಸವೆದಿದ್ದರೆ, ಗೇರಿನ ಎರಡು ಬದಿಯೂ ಒಂದೇ ಆಕಾರದಲ್ಲಿರುವ ಪಕ್ಷದಲ್ಲಿ, ಅದನ್ನು ಮಗುಚಿ ಹಾಕಿ ಸವೆಯದ ಮುಖವನ್ನು ಬಳಕೆಗೆ ತರಬಹುದು.

ಉಗಿ ಇಂಜಿನ್ ಮಾದರಿಗಳಲ್ಲಿ ಚಕ್ರವನ್ನು ಕಳಚುವಾಗ ಇನ್ನೊಂದು ಎಚ್ಚರಿಕೆ ಬೇಕು. ಎಡ ಮತ್ತು ಬಲ ಚಕ್ರಗಳ ಕ್ರ್ಯಾಂಕ್ ಪಿನ್ನುಗಳು ಸಾಮಾನ್ಯವಾಗಿ ಪರಸ್ಪರ 90 ಡಿಗ್ರಿ ಕೋನದಲ್ಲಿರುತ್ತವೆ, ಮತ್ತು ಈ ಕೋನ ಎಲ್ಲ ಚಾಲಕ ಇರುಸುಗಳಲ್ಲೂ ಒಂದೇ ಆಗಿರಬೇಕು. ಮರುಜೋಡಣೆಯಲ್ಲಿ ಅದು ತಪ್ಪಿದರೆ ಜೋಡುದಂಡಗಳು ಬಿಗಿಹಿಡಿದು ಇಂಜಿನ್ ಓಡುವುದಿಲ್ಲ.

ಅಂಟು ಹಾಕುವಿಕೆಯ ಮಿತಿ

ಸೀಳಿದ ಗೇರಿಗೆ ಅಂಟು ಹಾಕುವ ಪ್ರಯತ್ನ ಸಾಮಾನ್ಯವಾದರೂ ಅದು ಬಾಳುವುದು ಅಪರೂಪ. ಅಸಿಟಾಲ್‌ನ ಮೇಲ್ಮೈಗೆ ಅಂಟುಗಳು ಸರಿಯಾಗಿ ಹಿಡಿಯುವುದಿಲ್ಲ, ಇರುಸಿನ ಒತ್ತಡವೂ ಹಾಗೆಯೇ ಉಳಿದಿರುತ್ತದೆ. ಸೀಳನ್ನು ತೆರೆದ ಸ್ಥಿತಿಯಲ್ಲೇ ಅಂಟಿಸಿದರೆ ಹಲ್ಲುಗಳ ಅಂತರ ಸರಿಹೋಗದೆ ಎಡವುವಿಕೆ ಮುಂದುವರಿಯುತ್ತದೆ. ಬದಲಿ ಗೇರು ಸಿಗುವವರೆಗೆ, ಗೇರಿನ ಕುತ್ತಿಗೆಗೆ ಹಿತ್ತಾಳೆಯ ಸಣ್ಣ ಬಳೆ ತೊಡಿಸಿ ಸೀಳನ್ನು ಮುಚ್ಚಿಹಿಡಿಯುವುದು ಅಂಟಿಗಿಂತ ಮೇಲು. ಆದರೆ ಬಳೆ ಎರಡು ಚಕ್ರಗಳ ಲೋಹಭಾಗಗಳಿಗೂ ಒಟ್ಟಿಗೆ ತಾಗಬಾರದು.

ಹೊಂದಾಣಿಕೆ ಮತ್ತು ಎಣ್ಣೆ ಹಾಕುವಿಕೆ

ವರ್ಮ್ ಮತ್ತು ಅದರ ಚಕ್ರದ ನಡುವೆ ಅತಿ ಕಡಿಮೆ, ಆದರೆ ಶೂನ್ಯವಲ್ಲದ ಸಡಿಲಿಕೆ ಇರಬೇಕು. ಹೊಂದಿಸಲು ಅವಕಾಶವಿರುವ ಇಂಜಿನ್‌ಗಳಲ್ಲಿ ಹಲ್ಲುಗಳ ನಡುವೆ ತೆಳುವಾದ ಕಾಗದದ ಪಟ್ಟಿಯನ್ನಿಟ್ಟು, ಬಿಗಿಮಾಡಿದ ನಂತರ ಅದನ್ನು ತೆಗೆಯಲಾಗುತ್ತದೆ. ವರ್ಮ್ ಹಿಂದೆ ಮುಂದೆ ಹೆಚ್ಚು ಸರಿದಾಡುತ್ತಿದ್ದರೆ ತೆಳು ವಾಷರ್‌ಗಳಿಂದ ಆ ಆಟವನ್ನು ಕಡಿಮೆ ಮಾಡಬೇಕು.

ಪ್ಲಾಸ್ಟಿಕ್‌ಗೆ ಹಾನಿ ಮಾಡದ ಗ್ರೀಸನ್ನು ವರ್ಮ್‌ಗೆ ಸಾಸಿವೆಕಾಳಿನಷ್ಟು ಹಚ್ಚಿದರೆ ಸಾಕು. ಉಳಿದ ಗೇರುಗಳಿಗೆ ಅದು ತಾನಾಗಿ ಹರಡುತ್ತದೆ. ಹೆಚ್ಚಾದ ಗ್ರೀಸ್ ಧೂಳನ್ನು ಹಿಡಿಯುತ್ತದೆ, ಚಕ್ರದ ಮೂಲಕ ಹಳಿಗೆ ಹರಡಿ ವಿದ್ಯುತ್ ಸಂಪರ್ಕವನ್ನೂ ಕೆಡಿಸುತ್ತದೆ. ಕೊನೆಯಲ್ಲಿ ಇಂಜಿನ್ನನ್ನು ಹೊರೆಯಿಲ್ಲದೆ, ನಿಧಾನವಾಗಿ, ಎರಡೂ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಶಬ್ದ ಮತ್ತು ಮೋಟಾರಿನ ಬಿಸಿಯನ್ನು ಗಮನಿಸಿದ ನಂತರವೇ ಡಬ್ಬಿಗಳನ್ನು ಜೋಡಿಸುವುದು ಒಳ್ಳೆಯದು. ಒಂದು ಇರುಸಿನ ಗೇರು ಸೀಳಿದ್ದರೆ ಅದೇ ತಂಡದ ಉಳಿದ ಗೇರುಗಳೂ ಅದೇ ವಯಸ್ಸಿನವಾದ್ದರಿಂದ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ವಾಡಿಕೆ.

ಇವನ್ನೂ ನೋಡಿ

- ಗೇರು
- ವರ್ಮ್ ಚಾಲನೆ
- ಮಾದರಿ ರೈಲು
- ಡೀಸೆಲ್ ರೈಲು ಇಂಜಿನ್