ರಾಜಕೀಯ ಪಕ್ಷಗಳ ಹಣಕಾಸು (ಭಾರತ)

ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ಟಾಟಾ ಉಕ್ಕಿನ ಕಂಪನಿ ತನ್ನ ನಿಯಮಾವಳಿ ತಿದ್ದಲು ಹೊರಟಾಗ ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ತಿದ್ದುಪಡಿಗೆ ಒಲ್ಲದ ಮನಸ್ಸಿನಿಂದಲೇ ಒಪ್ಪಿಗೆ ಕೊಟ್ಟರು. ಇದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿದೆ, ಸಂಸತ್ತು ಗಮನಿಸಲಿ ಎಂದೂ ಎಚ್ಚರಿಸಿದರು. 1960ರಲ್ಲಿ ಸಂಸತ್ತು ಕಂಪನಿ ದೇಣಿಗೆಗೆ ಮಿತಿ ಹಾಕಿತು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಅದನ್ನು ಪೂರ್ತಿ ನಿಷೇಧಿಸಿತು.

ಹಣ ನಿಲ್ಲಲಿಲ್ಲ, ದಾರಿ ಬದಲಿಸಿತು. ಪಕ್ಷಗಳು ಸ್ಮರಣ ಸಂಚಿಕೆ ತರುತ್ತಿದ್ದವು, ಕಂಪನಿಗಳು ಅದರ ಪುಟಗಳಿಗೆ ಭಾರೀ ದರದ ಜಾಹೀರಾತು ಕೊಡುತ್ತಿದ್ದವು. ಸಂಚಿಕೆಯನ್ನು ಯಾರಾದರೂ ಓದಿದರೇ ಎಂಬ ಪ್ರಶ್ನೆ ಯಾರಿಗೂ ಮುಖ್ಯವಾಗಿರಲಿಲ್ಲ. ಮಿಕ್ಕದ್ದು ನಗದು. 1985ರಲ್ಲಿ ನಿಷೇಧ ತೆರವಾಗಿ, ಮೂರು ವರ್ಷಗಳ ಸರಾಸರಿ ಲಾಭದ ಶೇ 5ರವರೆಗೆ ಕೊಡಬಹುದೆಂದಾಯಿತು. 2013ರಲ್ಲಿ ಅದು ಶೇ 7.5ಕ್ಕೇರಿತು.

ಚುನಾವಣೆಯ ಖರ್ಚನ್ನು ಬೊಕ್ಕಸವೇ ಹೊರಲಿ ಎಂಬ ವಾದಕ್ಕೆ ಹೆಚ್ಚು ಬಲ ತಂದದ್ದು ಇಂದ್ರಜಿತ್ ಗುಪ್ತಾ ಸಮಿತಿ. 1999ರಲ್ಲಿ ಕೊಟ್ಟ ವರದಿಯಲ್ಲಿ ಅದು ಕೇಳಿದ್ದು ನಗದನ್ನಲ್ಲ: ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಇಂತಿಷ್ಟು ಪೆಟ್ರೋಲ್, ಕಾಗದ, ಅಂಚೆ ಚೀಟಿ, ಧ್ವನಿವರ್ಧಕ. ಕರ್ನಾಟಕದವರೇ ಆದ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಈ ಆತುರಕ್ಕೆ ಒಪ್ಪಲಿಲ್ಲ. ಪಕ್ಷಗಳ ಲೆಕ್ಕಪತ್ರ ಮೊದಲು ಹದಕ್ಕೆ ಬರಲಿ, ಸರ್ಕಾರಿ ದುಡ್ಡಿನ ಮಾತು ಆಮೇಲೆ ಎಂಬುದು ಅದರ ನಿಲುವು. 1959ರಲ್ಲೇ ಪಕ್ಷಗಳಿಗೆ ಅನುದಾನ ಆರಂಭಿಸಿದ ಜರ್ಮನಿಯಲ್ಲಿ ಪಕ್ಷ ತಾನೇ ಗಳಿಸಿದ್ದಕ್ಕಿಂತ ಹೆಚ್ಚು ಸರ್ಕಾರ ಕೊಡುವಂತಿಲ್ಲ. ಅಲ್ಲಿ ಲೆಕ್ಕ ಬಯಲಿಗಿಟ್ಟರಷ್ಟೇ ಹಣ.

ಹಾಗೆಂದು ಭಾರತದ ಬೊಕ್ಕಸ ಏನೂ ಕೊಡುತ್ತಿಲ್ಲ ಎನ್ನುವಂತಿಲ್ಲ. ಪಕ್ಷಗಳ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. 2003ರಿಂದ ದಾನಿಗಳಿಗೂ ಇದೆ. ಆಕಾಶವಾಣಿ, ದೂರದರ್ಶನದ ಪ್ರಚಾರ ಸಮಯ ಉಚಿತ.

2017ರ ಹಣಕಾಸು ಕಾಯ್ದೆ ಶೇ 7.5ರ ಮಿತಿಯನ್ನೇ ಕಿತ್ತುಹಾಕಿ, ಪಕ್ಷಗಳಿಗೆ ದೇಣಿಗೆ ಕೊಡುವ ಹೊಸ ಸಾಧನವಾದ ಚುನಾವಣಾ ಬಾಂಡ್‌ಗೆ ದಾರಿ ಮಾಡಿತು. ಸ್ಟೇಟ್ ಬ್ಯಾಂಕ್ ಮಾರುತ್ತಿದ್ದ ಈ ಬಾಂಡ್‌ಗಳ ಬೆಲೆ ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗೆ. 15 ದಿನದೊಳಗೆ ಪಕ್ಷ ನಗದಾಗಿಸಬೇಕಿತ್ತು. ಮೇಲೆ ಕೊಂಡವರ ಹೆಸರಿರಲಿಲ್ಲ, ಆದರೆ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಸಂಖ್ಯೆಯೊಂದು ಮೂಲೆಯಲ್ಲಿತ್ತು. ಅದರಿಂದ ಬಾಂಡಿನ ಜಾಡು ಹಿಡಿಯಬಹುದಿತ್ತು; ಗುಟ್ಟು ಮತದಾರನಿಗೆ ಮಾತ್ರ. ಮಾರಾಟವಾದ 16,518 ಕೋಟಿ ರೂಪಾಯಿಯಲ್ಲಿ ಬಹುಪಾಲು ಕೋಟಿಯ ಬಾಂಡ್‌ಗಳದ್ದೇ. ಸಾಮಾನ್ಯರ ಪುಟ್ಟ ದೇಣಿಗೆಗೂ ಇದು ಎಂಬ ಮಾತು ಅಲ್ಲೇ ಬಿದ್ದುಹೋಯಿತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ಒಮ್ಮತದಿಂದ ರದ್ದುಮಾಡಿ, ಬಾಂಡ್ ಕೊಂಡವರ ಮತ್ತು ಪಡೆದ ಪಕ್ಷಗಳ ವಿವರ ಕೊಡುವಂತೆ ಬ್ಯಾಂಕಿಗೆ ಹೇಳಿತು. ವಿವರ ಜೋಡಿಸಲು ಜೂನ್ 30ರವರೆಗೆ ಸಮಯ ಬೇಕೆಂದ ಬ್ಯಾಂಕಿನ ಅರ್ಜಿ ಮಾರ್ಚ್ 11ರಂದು ವಜಾ ಆಯಿತು. 14ರ ಹೊತ್ತಿಗೆ ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲಿತ್ತು. ಅತಿ ಹೆಚ್ಚು ಪಡೆದದ್ದು ಕೇಂದ್ರದಲ್ಲಿ ಆಳುತ್ತಿದ್ದ ಬಿಜೆಪಿ.

ಈಗ ಕಂಪನಿಗಳ ಹಣ ಮುಖ್ಯವಾಗಿ ಚೆಕ್ ಮತ್ತು ದೇಣಿಗೆ ಕೂಡಿಸಿ ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟ್‌ಗಳ ಮೂಲಕ ಬರುತ್ತದೆ. 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕಿಲ್ಲ. ಲೋಕಸಭಾ ಅಭ್ಯರ್ಥಿಯ ಖರ್ಚಿಗೆ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿಯ ಮಿತಿ ಇದೆ, ಪಕ್ಷದ ಖರ್ಚಿಗೆ ಯಾವ ಮಿತಿಯೂ ಇಲ್ಲ.