ಆಲ್‌ದೋ ಇದ್ದರೆ ಬಟ್ ಬೇಡ: ಇಂಗ್ಲಿಷ್ ವಾಕ್ಯದಲ್ಲಿ ಪುಟ್ಟ ಪದಗಳು ಮಾಡುವ ಕೆಲಸ

ಇಂಗ್ಲಿಷ್ ಎಂದರೆ ನಮ್ಮಲ್ಲಿ ಹಲವರಿಗೆ ಕಷ್ಟದ ಸ್ಪೆಲಿಂಗ್ ಮತ್ತು ಉದ್ದುದ್ದ ಪದಗಳ ಭಯ. ಆದರೆ ದೊಡ್ಡ ಪದ ಗೊತ್ತಿಲ್ಲದಿದ್ದರೆ ನಿಘಂಟು ನೋಡುತ್ತೇವೆ, ಯಾರನ್ನಾದರೂ ಕೇಳುತ್ತೇವೆ. ‘ಓನ್ಲಿ’, ‘ಅನ್‌ಲೆಸ್’, ‘ಆರ್’, ‘ವೀಕ್ಲಿ’ಯಂಥ ಪುಟ್ಟ ಪದಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅವು ಗೊತ್ತಿವೆ ಎಂದೇ ನಂಬಿರುತ್ತೇವೆ. ಅರ್ಥ ಅಡ್ಡದಾರಿ ಹಿಡಿಯುವುದು ಅನೇಕ ಸಲ ಅಲ್ಲೇ.

ಈ ಪುಟ್ಟ ಪದಗಳಲ್ಲಿ ಎರಡು ಗುಂಪುಗಳಿವೆ. ಕೆಲಸ ಹೇಗೆ, ಎಲ್ಲಿ, ಯಾವಾಗ, ಎಷ್ಟು ಸಲ ನಡೆಯಿತು ಎಂದು ಹೇಳುವವು ಕ್ರಿಯಾವಿಶೇಷಣಗಳು, ಅಂದರೆ ಆಡ್ವರ್ಬ್‌ಗಳು. ಎರಡು ಪದಗಳನ್ನೋ ಎರಡು ವಾಕ್ಯಗಳನ್ನೋ ಜೋಡಿಸುವವು ಸಂಯೋಜಕಗಳು, ಅಂದರೆ ಕಂಜಂಕ್ಷನ್‌ಗಳು. ಕನ್ನಡದಲ್ಲಿ ಇಂಥ ಕೆಲಸವನ್ನು ಬಹುಮಟ್ಟಿಗೆ ಪದದ ಕೊನೆಗೆ ಅಂಟುವ ‘ಊ’, ‘ಏ’, ‘ರೆ’, ‘ರೂ’ಗಳು ಮಾಡುತ್ತವೆ. ಇಂಗ್ಲಿಷ್‌ನಲ್ಲಿ ಬಿಡಿ ಪದವೊಂದು ಮುಂದೆ ಬಂದು ನಿಲ್ಲುತ್ತದೆ. ನಮ್ಮ ಅನೇಕ ತಪ್ಪುಗಳ ಮೂಲ ಈ ಒಂದು ವ್ಯತ್ಯಾಸ.

ಎರಡು ವಾಕ್ಯಕ್ಕೆ ಒಂದೇ ಗಂಟು

‘ಮಳೆ ಬರುತ್ತಿದ್ದರೂ ನಾವು ಹೊರಗೆ ಹೋದೆವು.’ ಇದನ್ನು ಇಂಗ್ಲಿಷ್‌ನಲ್ಲಿ ಹೇಳುವಾಗ ಹಲವರ ಬಾಯಲ್ಲಿ ಬರುವುದು ‘ಆಲ್‌ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್’. ಇಲ್ಲಿ ‘ಆಲ್‌ದೋ’ ಮತ್ತು ‘ಬಟ್’ ಎರಡೂ ಒಂದೇ ಕೆಲಸ ಮಾಡುತ್ತಿವೆ. ಇಂದಿನ ಇಂಗ್ಲಿಷ್‌ನಲ್ಲಿ ಎರಡರಲ್ಲಿ ಒಂದು ಸಾಕು: ‘ಆಲ್‌ದೋ ಇಟ್ ವಾಸ್ ರೇನಿಂಗ್, ವಿ ವೆಂಟ್ ಔಟ್’ ಅಥವಾ ‘ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್’. ‘ಸಿನ್ಸ್ ಹಿ ವಾಸ್ ಇಲ್, ಸೋ ಹಿ ಡಿಡ್ ನಾಟ್ ಕಮ್’ ಎಂಬುದರಲ್ಲೂ ಇದೇ ತೊಂದರೆ. ‘ಸಿನ್ಸ್’ ಇದ್ದ ಮೇಲೆ ‘ಸೋ’ ಬೇಡ.

ಹೀಗೆ ಎರಡು ಗಂಟು ಹಾಕುವುದು ದಡ್ಡತನವಲ್ಲ. ಕನ್ನಡದಲ್ಲಿ ‘ಅಮ್ಮನೂ ಅಪ್ಪನೂ ಬಂದರು’ ಎನ್ನುವಾಗ ಎರಡೂ ಕಡೆ ‘ಊ’ ಹಚ್ಚುತ್ತೇವೆ. ‘ಒಂದು ವೇಳೆ ಮಳೆ ಬಂದರೆ’ ಎನ್ನುವಾಗ ಷರತ್ತನ್ನು ಎರಡು ಸಲ ಹೇಳುತ್ತೇವೆ. ಸಂಸ್ಕೃತದ ‘ಯದ್ಯಪಿ–ತಥಾಪಿ’ಯೂ ಜೋಡಿ ಪದವೇ. ಚೀನೀ ಭಾಷೆಯಲ್ಲೂ ವಾಕ್ಯದ ಎರಡೂ ಅರ್ಧಕ್ಕೆ ಒಂದೊಂದು ಪದ ಇಡುತ್ತಾರೆ. ಹಾಗಾಗಿ ಚೀನೀಯರು ಇಂಗ್ಲಿಷ್ ಕಲಿಯುವಾಗಲೂ ಇದೇ ‘ಆಲ್‌ದೋ–ಬಟ್’ ತಪ್ಪು ಕಾಣಿಸಿಕೊಳ್ಳುತ್ತದೆ.

ಅನ್‌ಲೆಸ್ ಒಳಗೇ ‘ಇಲ್ಲ’ ಇದೆ

‘ವೈದ್ಯರು ಹೇಳದ ಹೊರತು ಮಾತ್ರೆ ನಿಲ್ಲಿಸಬೇಡಿ.’ ಕನ್ನಡದ ಈ ವಾಕ್ಯದಲ್ಲಿ ‘ಹೇಳದ’ ಎಂಬ ಪದವೇ ನಿಷೇಧವನ್ನು ಹೊತ್ತಿದೆ. ಇಂಗ್ಲಿಷ್‌ನಲ್ಲಿ ಆ ನಿಷೇಧ ‘ಅನ್‌ಲೆಸ್’ ಒಳಗೇ ಅಡಗಿದೆ: ‘ಡೋಂಟ್ ಸ್ಟಾಪ್ ದಿ ಟ್ಯಾಬ್ಲೆಟ್ ಅನ್‌ಲೆಸ್ ದಿ ಡಾಕ್ಟರ್ ಟೆಲ್ಸ್ ಯು’. ಕನ್ನಡದ ಲಯದಲ್ಲೇ ಯೋಚಿಸಿ ‘ಅನ್‌ಲೆಸ್ ದಿ ಡಾಕ್ಟರ್ ಡಸಂಟ್ ಟೆಲ್ ಯು’ ಎಂದರೆ, ವೈದ್ಯರು ಏನೂ ಹೇಳದಿದ್ದರೆ ಮಾತ್ರೆ ನಿಲ್ಲಿಸಬಹುದು ಎಂಬ ತದ್ವಿರುದ್ಧ ಅರ್ಥ ಬರುತ್ತದೆ. ‘ಅಂಟಿಲ್ ಯು ಡೋಂಟ್ ಕಮ್’ ಎಂಬ ಮಾತಿನ ಹಿಂದೆಯೂ ‘ನೀನು ಬರದ ತನಕ’ ಎಂಬ ನಮ್ಮ ಕಟ್ಟಡವೇ ಇದೆ. ಅಲ್ಲಿ ‘ಅಂಟಿಲ್ ಯು ಕಮ್’ ಎಂದರೆ ಸಾಕು.

ಹೌಎವರ್ ಸಂಯೋಜಕವೇ?

ಅಲ್ಲ. ‘ಬಟ್’ ಮತ್ತು ‘ಹೌಎವರ್’ ಎರಡರ ಅರ್ಥವೂ ‘ಆದರೆ’ ಎಂದಾದರೂ, ‘ಬಟ್’ ಸಂಯೋಜಕ, ‘ಹೌಎವರ್’ ಕ್ರಿಯಾವಿಶೇಷಣ. ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ: ಪದದ ಜಾಗ ಬದಲಿಸಿ ನೋಡಿ. ‘ಹೌಎವರ್, ವಿ ವೆಂಟ್ ಔಟ್’, ‘ವಿ, ಹೌಎವರ್, ವೆಂಟ್ ಔಟ್’, ‘ವಿ ವೆಂಟ್ ಔಟ್, ಹೌಎವರ್’ ಮೂರೂ ನಡೆಯುತ್ತವೆ. ‘ವಿ, ಬಟ್, ವೆಂಟ್ ಔಟ್’ ನಡೆಯುವುದಿಲ್ಲ. ಸಂಯೋಜಕ ತನ್ನ ವಾಕ್ಯದ ತಲೆಬಾಗಿಲು ಬಿಟ್ಟು ಕದಲುವುದಿಲ್ಲ, ಕ್ರಿಯಾವಿಶೇಷಣ ಮನೆಯೊಳಗೆ ಓಡಾಡುತ್ತದೆ.

ಆದ್ದರಿಂದಲೇ ಬರವಣಿಗೆಯಲ್ಲಿ ‘ಹೌಎವರ್’ ಅಥವಾ ‘ದೇರ್‌ಫೋರ್’ಗೆ ಮೊದಲು ಅಲ್ಪವಿರಾಮವಷ್ಟೇ ಇಟ್ಟು ಎರಡು ಪೂರ್ಣ ವಾಕ್ಯಗಳನ್ನು ಜೋಡಿಸುವುದು ತಪ್ಪೆನಿಸುತ್ತದೆ. ಅಲ್ಲಿ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು. ‘ಆಲ್‌ದೋ’ ಜೊತೆ ‘ಸ್ಟಿಲ್’ ಬರಬಹುದು, ‘ಬಟ್’ ಬರಬಾರದು ಎಂಬುದಕ್ಕೂ ಕಾರಣ ಇದೇ. ‘ಸ್ಟಿಲ್’ ಕ್ರಿಯಾವಿಶೇಷಣ, ಅದು ಗಂಟು ಹಾಕುವುದಿಲ್ಲ.

‘ಓನ್ಲಿ’ ಎಲ್ಲಿ ಕೂರಬೇಕು?

ಕ್ರಿಯಾವಿಶೇಷಣ ಓಡಾಡುತ್ತದೆ ಎಂದರೆ ಎಲ್ಲಿ ಕೂತರೂ ಅರ್ಥ ಒಂದೇ ಎಂದಲ್ಲ. ‘ಓನ್ಲಿ ರವಿ ಡ್ರಿಂಕ್ಸ್ ಮಿಲ್ಕ್ ಅಟ್ ನೈಟ್’ ಎಂದರೆ ರಾತ್ರಿ ಹಾಲು ಕುಡಿಯುವವನು ರವಿ ಮಾತ್ರ. ‘ರವಿ ಡ್ರಿಂಕ್ಸ್ ಓನ್ಲಿ ಮಿಲ್ಕ್ ಅಟ್ ನೈಟ್’ ಎಂದರೆ ರಾತ್ರಿ ಅವನು ಕುಡಿಯುವುದು ಹಾಲು ಮಾತ್ರ. ‘ರವಿ ಡ್ರಿಂಕ್ಸ್ ಮಿಲ್ಕ್ ಓನ್ಲಿ ಅಟ್ ನೈಟ್’ ಎಂದರೆ ಹಾಲು ಕುಡಿಯುವುದು ರಾತ್ರಿ ಮಾತ್ರ.

ಕನ್ನಡದಲ್ಲಿ ‘ಮಾತ್ರ’ ಮತ್ತು ‘ಏ’ ತಾವು ಒತ್ತಿಹೇಳುವ ಪದದ ಹಿಂದೆ ಬರುತ್ತವೆ. ಬರೆಯುವ ಇಂಗ್ಲಿಷ್‌ನಲ್ಲಿ ‘ಓನ್ಲಿ’ ಸಾಮಾನ್ಯವಾಗಿ ಮುಂದೆ ನಿಲ್ಲುತ್ತದೆ. ಹಾಗಾಗಿ ಮೂರನೆಯ ವಾಕ್ಯವನ್ನು ನಾವು ‘ಹಾಲು ಮಾತ್ರ’ ಎಂದು ಓದಿಬಿಡುವ ಸಾಧ್ಯತೆ ಇದೆ. ‘ನಾನು ಇವತ್ತೇ ಬಂದೆ’ ಎಂಬುದು ನಮ್ಮ ಬಾಯಲ್ಲಿ ‘ಐ ಕೇಮ್ ಟುಡೇ ಓನ್ಲಿ’ ಆಗುವುದೂ ಹೀಗೆಯೇ. ಭಾರತೀಯ ಇಂಗ್ಲಿಷ್‌ನಲ್ಲಿ ಇದು ಎಷ್ಟು ಬಳಕೆಯಲ್ಲಿದೆ ಎಂದರೆ ಮನೆಮಾತಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಹೊರದೇಶದವರಿಗೆ ಪತ್ರ ಬರೆಯುವಾಗ ಮಾತ್ರ ಎಚ್ಚರ ಬೇಕು.

‘ಆಲ್ವೇಸ್’, ‘ಆಫನ್’, ‘ನೆವರ್’ ಪದಗಳಿಗೆ ಸಾಮಾನ್ಯವಾಗಿ ಒಂದು ಖಾಯಂ ಜಾಗವಿದೆ. ಮುಖ್ಯ ಕ್ರಿಯಾಪದಕ್ಕೆ ಮೊದಲು, ಆದರೆ ‘ಈಸ್’, ‘ಆರ್’, ‘ವಾಸ್’ಗಳ ನಂತರ: ‘ಶಿ ಆಲ್ವೇಸ್ ಕಮ್ಸ್ ಲೇಟ್’, ‘ಶಿ ಈಸ್ ಆಲ್ವೇಸ್ ಲೇಟ್’.

‘ಲಿ’ ಹಚ್ಚಿದರೆ ಸಾಕೇ?

ಕ್ರಿಯಾವಿಶೇಷಣ ಬೇಕಾದರೆ ಗುಣವಾಚಕಕ್ಕೆ ‘ಲಿ’ ಸೇರಿಸಿ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ‘ಸ್ಲೋ–ಸ್ಲೋಲಿ’ಗೆ ಇದು ಸರಿ. ‘ಹಾರ್ಡ್’ಗೆ ಅಲ್ಲ. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಶ್ರಮಪಟ್ಟು ದುಡಿಯುತ್ತಾನೆ, ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸ ಮಾಡುವುದೇ ಅಪರೂಪ. ಶಿಫಾರಸು ಪತ್ರದಲ್ಲಿ ಇವು ಅದಲುಬದಲಾದರೆ ಕೆಲಸ ಕೈತಪ್ಪಬಹುದು. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ಫಾಸ್ಟ್’ಗೆ ‘ಲಿ’ ಇಲ್ಲವೇ ಇಲ್ಲ.

ಇನ್ನು ‘ಫ್ರೆಂಡ್ಲಿ’, ‘ಕಾಸ್ಟ್ಲಿ’ಗಳು ‘ಲಿ’ಯಿಂದ ಮುಗಿದರೂ ಗುಣವಾಚಕಗಳು. ಹಳೆಯ ಇಂಗ್ಲಿಷ್‌ನಲ್ಲಿ ದೇಹ, ರೂಪ ಎಂಬ ಅರ್ಥವಿದ್ದ ಪದವೊಂದು ಸವೆದು ಈ ‘ಲಿ’ ಆಗಿದೆ. ‘ಹಾಗೆ, ಅದರಂತೆ’ ಎನ್ನುವ ‘ಲೈಕ್’ ಅದರ ಬಂಧು. ‘ಫ್ರೆಂಡ್ಲಿ’ ಎಂದರೆ ‘ಗೆಳೆಯನಂತೆ’ ಎಂದು ನೆನಪಿಟ್ಟುಕೊಂಡರೆ ಗೊಂದಲ ಕಡಿಮೆ.

ಔಷಧದ ಚೀಟಿಯಿಂದ ನ್ಯಾಯಾಲಯದವರೆಗೆ

ಇವೆಲ್ಲ ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ಅಮೆರಿಕದ ಮೂರು ರಾಜ್ಯಗಳ ಚಿಕಿತ್ಸಾಲಯಗಳಲ್ಲಿ ಇಂಗ್ಲಿಷ್ ಮಾತನಾಡುವ 395 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ‘ಟೇಕ್ ಟೂ ಟ್ಯಾಬ್ಲೆಟ್ಸ್ ಬೈ ಮೌತ್ ಟ್ವೈಸ್ ಡೈಲಿ’ ಎಂಬ ಸೂಚನೆಯನ್ನು ಕಡಿಮೆ ಓದು ಬಲ್ಲವರಲ್ಲಿ ಸುಮಾರು ಶೇ. 71 ಮಂದಿ ಸರಿಯಾಗಿ ಹೇಳಿದರು. ಆದರೆ ದಿನಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಲು ಸಾಧ್ಯವಾದದ್ದು ಸುಮಾರು ಶೇ. 35 ಮಂದಿಗೆ ಮಾತ್ರ. ‘ಟೂ’ ಮತ್ತು ‘ಟ್ವೈಸ್’ ಸೇರಿ ನಾಲ್ಕಾಗುವುದು ಅವರಿಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಆಡುವವರಿಗೇ ಹೀಗಾದರೆ, ಅದನ್ನು ಶಾಲೆಯಲ್ಲಿ ಕಲಿತವರು ಎರಡು ಸಲ ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ರುಮಟಾಯ್ಡ್ ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ‘ವೀಕ್ಲಿ’ ಎಂಬುದನ್ನು ಗಮನಿಸದೆ ದಿನವೂ ನುಂಗಿ ಜೀವ ಕಳೆದುಕೊಂಡ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ವಾರದ ಯಾವ ದಿನ ಎಂದು ವೈದ್ಯರಿಂದಲೇ ಚೀಟಿಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ‘ಬೈವೀಕ್ಲಿ’ ಎಂದಿದ್ದರಂತೂ ಕೇಳಲೇಬೇಕು. ನಿಘಂಟುಗಳಲ್ಲಿ ಅದಕ್ಕೆ ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ ಎಂಬ ಎರಡೂ ಅರ್ಥಗಳಿವೆ.

ಸಂಯೋಜಕದ ಬೆಲೆ ಗೊತ್ತಾದದ್ದು ಅಮೆರಿಕದ ಮೇನ್ ರಾಜ್ಯದ ಹಾಲಿನ ಕಂಪನಿ ಓಕ್‌ಹರ್ಸ್ಟ್ ಡೇರಿಗೆ. ಯಾವ ಕೆಲಸಗಳಿಗೆ ಓವರ್‌ಟೈಮ್ ಹಣ ಕೊಡಬೇಕಿಲ್ಲ ಎಂದು ಅಲ್ಲಿನ ಕಾನೂನು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆ ಹೀಗಿತ್ತು: ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ‘ಆರ್’ಗೆ ಮೊದಲು ಅಲ್ಪವಿರಾಮ ಇರಲಿಲ್ಲ. ಹಾಗಾದರೆ ವಿತರಣೆ ಪ್ರತ್ಯೇಕ ಕೆಲಸವೋ, ಸಾಗಣೆಗೆ ಅಥವಾ ವಿತರಣೆಗೆ ಪ್ಯಾಕ್ ಮಾಡುವುದೆಂಬ ಒಂದೇ ಕೆಲಸವೋ? ಹಾಲು ವಿತರಿಸುವ ಚಾಲಕರು ತಾವು ಪ್ಯಾಕ್ ಮಾಡುವುದಿಲ್ಲ, ಆದ್ದರಿಂದ ಹಣ ಬರಬೇಕು ಎಂದು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ತಪ್ಪಲ್ಲದ ‘ತಪ್ಪುಗಳು’

ಮಿಥ್ಯೆ: ‘ಆಂಡ್’ ಅಥವಾ ‘ಬಟ್’ನಿಂದ ವಾಕ್ಯ ಶುರು ಮಾಡಬಾರದು.
ವಾಸ್ತವ: ವ್ಯಾಕರಣದಲ್ಲಿ ಇಂಥ ನಿಯಮವಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನ ಮೊದಲ ಅಧ್ಯಾಯದಲ್ಲಿ ಹೆಚ್ಚಿನ ವಚನಗಳು ‘ಆಂಡ್’ನಿಂದಲೇ ಶುರುವಾಗುತ್ತವೆ.

ಮಿಥ್ಯೆ: ‘ಬಿಕಾಸ್’ನಿಂದ ವಾಕ್ಯ ಶುರು ಮಾಡಬಾರದು.
ವಾಸ್ತವ: ಮಾಡಬಹುದು. ಕಾರಣ ಹೇಳಿ ಪರಿಣಾಮ ಹೇಳದೆ ನಿಲ್ಲಿಸಬಾರದು, ಅಷ್ಟೇ.

ಮಿಥ್ಯೆ: ‘ಟು’ ಮತ್ತು ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ಬರಬಾರದು.
ವಾಸ್ತವ: 1864ರಲ್ಲಿ ಹೆನ್ರಿ ಆಲ್ಫರ್ಡ್ ಇದನ್ನು ಆಕ್ಷೇಪಿಸಿದ್ದು ನಿಜ. ಆದರೆ 1926ರಲ್ಲೇ ಫೌಲರ್‌ ಅವರ ಪ್ರಸಿದ್ಧ ಬಳಕೆ ಕೋಶ ಈ ಅತಿಯಾದ ಭಯವನ್ನು ಗೇಲಿ ಮಾಡಿತು. ‘ಟು ರಿಯಲಿ ಅಂಡರ್‌ಸ್ಟ್ಯಾಂಡ್’ ಎಂದು ಧಾರಾಳವಾಗಿ ಬರೆಯಬಹುದು.

ಬರೆದ ಮೇಲೆ ಮೂರು ಪ್ರಶ್ನೆ

ಎರಡು ವಾಕ್ಯಗಳ ನಡುವೆ ಗಂಟು ಒಂದೇ ಇದೆಯೇ? ‘ಅನ್‌ಲೆಸ್’, ‘ಅಂಟಿಲ್’ ಪಕ್ಕ ಬೇಡದ ‘ನಾಟ್’ ನುಸುಳಿದೆಯೇ? ‘ಓನ್ಲಿ’ ತಾನು ಒತ್ತಿಹೇಳಬೇಕಾದ ಪದದ ಮುಂದಿದೆಯೇ? ಇಷ್ಟು ನೋಡಿಕೊಂಡರೆ ಇಲ್ಲಿ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ನಿಮ್ಮ ಕಣ್ಣಿಗೇ ಬೀಳುತ್ತವೆ. ಔಷಧದ ಚೀಟಿಯಾದರೆ ಇನ್ನೊಂದು ಹೆಜ್ಜೆ: ದಿನಕ್ಕೆ ಒಟ್ಟು ಎಷ್ಟು, ಯಾವ ಹೊತ್ತಿಗೆ ಎಂದು ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಬರೆದುಕೊಳ್ಳಿ.